ಮಲಬಾರಿನ ತೇಗ, ಹಾರ್ಟ್ಲ್‌ಪೂಲಿನ ಹಡಗು

ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಹಾರ್ಟ್ಲ್‌ಪೂಲ್ ಬಂದರಿನಲ್ಲಿ ಮೂರು ಕೂವೆಮರಗಳ ಯುದ್ಧನೌಕೆಯೊಂದು ಇಂದಿಗೂ ನೀರಿನ ಮೇಲಿದೆ. ಹೆಸರು ಎಚ್‌ಎಂಎಸ್ ಟ್ರಿಂಕೋಮಲಿ. ಶಾಲಾ ಮಕ್ಕಳು ಅದನ್ನು ಹತ್ತಿ ಫಿರಂಗಿಗಳ ಸಾಲಿನ ನಡುವೆ ಓಡಾಡಿ, ಅಂದಿನ ನಾವಿಕರು ಹೇಗೆ ಬದುಕುತ್ತಿದ್ದರೆಂದು ಕಂಡುಕೊಳ್ಳುತ್ತಾರೆ. ಅವರನ್ನು ಹೊತ್ತು ನಿಂತಿರುವ ಒಡಲು ಮಲಬಾರಿನ ತೇಗದ್ದು; ಕಟ್ಟಿದವರು ಮುಂಬಯಿಯ ವಾಡಿಯಾ ಮನೆತನದ ಕುಶಲಿಗಳು. ಕಾಸರಗೋಡಿನ ನಮಗೆ ಇದು ಹೊರಗಿನವರ ಚರಿತ್ರೆಯಲ್ಲ.

ನೆಪೋಲಿಯನ್ ಯುದ್ಧಗಳ ಕಾಲದಲ್ಲಿ ಬ್ರಿಟನ್ನಿಗೆ ಹಡಗು ಕಟ್ಟಲು ಬೇಕಾದ ಓಕ್ ಮರದ ಅಭಾವ ಉಂಟಾಯಿತು. ಓಕ್‌ನಲ್ಲಿರುವ ಆಮ್ಲ ಕಬ್ಬಿಣದ ಮೊಳೆಗಳನ್ನು ತಿನ್ನುತ್ತದೆ. ತೇಗದ ಎಣ್ಣೆಯಂಶ ಅದೇ ಮೊಳೆಗಳನ್ನು ಕಾಯುತ್ತದೆ. ತೇಗಕ್ಕೆ ಕೊಳೆಯುವ ಭಯವೂ ಕಡಿಮೆ. ಮಲಬಾರು 1792ರಲ್ಲಿ, ಕಾಸರಗೋಡು ಸೇರಿದ್ದ ಕೆನರಾ 1799ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿದ್ದವು. 1806ರಲ್ಲಿ ಕ್ಯಾಪ್ಟನ್ ವಾಟ್ಸನ್ ಎಂಬವನನ್ನು ಮಲಬಾರಿನ ಕಾಡುಗಳ ಮೇಲ್ವಿಚಾರಕನನ್ನಾಗಿ ನೇಮಿಸಿ, ತೇಗದ ಮೇಲೆ ಕಂಪನಿ ಏಕಸ್ವಾಮ್ಯ ಸ್ಥಾಪಿಸಿತು. ತಮ್ಮದೇ ನೆಲದ ಮರವನ್ನು ಕಡಿಯುವ ಹಕ್ಕು ಜಮೀನುದಾರರಿಗೂ ವ್ಯಾಪಾರಿಗಳಿಗೂ ತಪ್ಪಿತು. ಅಸಮಾಧಾನ ಬೆಳೆಯುತ್ತಲೇ ಹೋಗಿ, 1823ರಲ್ಲಿ ಮದರಾಸಿನ ಗವರ್ನರ್ ಥಾಮಸ್ ಮನ್ರೋ ಈ ವ್ಯವಸ್ಥೆಯನ್ನು ರದ್ದುಪಡಿಸಿದ. ಇದೇ ಮನ್ರೋ ಹಿಂದೆ ಕೆನರಾದ ಮೊದಲ ಕಲೆಕ್ಟರ್ ಆಗಿ ಈ ಭಾಗದ ರೈತರ ಸ್ಥಿತಿಯನ್ನು ಹತ್ತಿರದಿಂದ ಕಂಡಿದ್ದವನು. ಹಡಗಿನ ಚರಿತ್ರೆ ಹೇಳುವವರು ಕಾಡಿನ ಈ ಅಧ್ಯಾಯವನ್ನು ಬಿಟ್ಟುಬಿಡಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹಡಗಿಗೆ ಆದೇಶ ಬಂದದ್ದು 1812ರಲ್ಲಿ. ಅದರ ನಕ್ಷೆಗಳನ್ನು ಮುಂಬಯಿಗೆ ತರುತ್ತಿದ್ದ ಎಚ್‌ಎಂಎಸ್ ಜಾವಾ ಹಡಗನ್ನು ಅದೇ ವರ್ಷದ ಡಿಸೆಂಬರಿನಲ್ಲಿ ಅಮೆರಿಕದ ಕಾನ್‌ಸ್ಟಿಟ್ಯೂಷನ್ ನೌಕೆ ಬ್ರೆಜಿಲ್ ಕರಾವಳಿಯಾಚೆ ಸೋಲಿಸಿ ನಾಶಮಾಡಿತು. ಮತ್ತೊಂದು ಪ್ರತಿ ಕಳುಹಿಸಬೇಕಾಯಿತು. ಜಮ್ಶೆಡ್‌ಜಿ ಬೊಮನ್‌ಜಿ ವಾಡಿಯಾ ಅವರ ಉಸ್ತುವಾರಿಯಲ್ಲಿ ಹಡಗು ನೀರಿಗಿಳಿದಾಗ 1817. ಯಾವ ಯುದ್ಧಕ್ಕೆಂದು ಅದನ್ನು ಕಟ್ಟಿದ್ದರೋ ಆ ಯುದ್ಧವೇ ಮುಗಿದಿತ್ತು. ಪೋರ್ಟ್ಸ್‌ಮತ್‌ಗೆ ಒಯ್ದು, ಕಾಲು ಶತಮಾನ ಸುಮ್ಮನೆ ಕಟ್ಟಿಹಾಕಿದರು. 1847ರ ನಂತರವೇ ಅದು ನಿಜವಾದ ಸೇವೆ ಕಂಡದ್ದು.

ಆಮೇಲಿನ ಕಥೆಯೇ ನನಗೆ ಹೆಚ್ಚು ಮುಖ್ಯ. 1897ರಲ್ಲಿ ಹಡಗನ್ನು ಒಡೆಯುವವರಿಗೆ ಮಾರಲಾಯಿತು. ಜಾರ್ಜ್ ವೀಟ್ಲಿ ಕಾಬ್ ಎಂಬ ಶ್ರೀಮಂತ ಅದನ್ನು ಕೊಂಡು, ಅದೇ ವರ್ಷ ಬಿರುಗಾಳಿಗೆ ಸಿಕ್ಕಿ ಒಡೆದುಹೋಗಿದ್ದ ತನ್ನ ಹಳೆಯ ಹಡಗಿನ ನೆನಪಿಗೆ 'ಫುದ್ರುವಾಯಾಂ' ಎಂದು ಹೆಸರಿಟ್ಟ. ಮುಂದೆ 1986ರ ತನಕವೂ ಅದರ ಮೇಲೆ ಎಳೆಯರಿಗೆ ಸಮುದ್ರದ ತರಬೇತಿ ನಡೆಯಿತು. ಬಳಕೆಯಲ್ಲಿದ್ದುದರಿಂದಲೇ ಅದಕ್ಕೆ ರಿಪೇರಿಯಾಯಿತು, ರಿಪೇರಿಯಾದುದರಿಂದಲೇ ಅದು ಉಳಿಯಿತು.

ಅದರ ಪಕ್ಕದಲ್ಲೇ ನಿಂತಿದ್ದ ಇಂಪ್ಲಾಕಬಲ್‌ಗೆ ಆ ಅದೃಷ್ಟ ಇರಲಿಲ್ಲ. ಟ್ರಫಾಲ್ಗರ್ ಕದನದಲ್ಲಿ ಫ್ರೆಂಚರ ಪಕ್ಷದಲ್ಲಿದ್ದು, ಕೆಲವೇ ದಿನಗಳಲ್ಲಿ ಬ್ರಿಟಿಷರಿಗೆ ಸೆರೆಸಿಕ್ಕ ಓಕ್ ಹಡಗು ಅದು. ದುರಸ್ತಿಗೆ ಹಣವಿಲ್ಲವೆಂದು 1949ರ ಡಿಸೆಂಬರಿನಲ್ಲಿ ಎರಡೂ ದೇಶಗಳ ಬಾವುಟ ಹಾರಿಸಿ ಇಂಗ್ಲಿಷ್ ಕಡಲ್ಗಾಲುವೆಯಲ್ಲಿ ಮುಳುಗಿಸಿದರು. ಆ ಕೃತ್ಯಕ್ಕೆ ಎದ್ದ ಜನರ ಆಕ್ರೋಶ ಬ್ರಿಟನ್ನಿನ ಹಡಗು ಸಂರಕ್ಷಣೆಗೆ ಹೊಸ ಬಲ ಕೊಟ್ಟಿತು. ಟ್ರಿಂಕೋಮಲಿಯನ್ನು 1987ರಲ್ಲಿ ಹಾರ್ಟ್ಲ್‌ಪೂಲಿಗೆ ಸಾಗಿಸಿ, 2001ರವರೆಗೆ ಜೀರ್ಣೋದ್ಧಾರ ಮಾಡಿ, ಹಳೆಯ ಹೆಸರನ್ನೇ ಮರಳಿ ಕೊಟ್ಟರು. ಅದರ ಅರ್ಧಕ್ಕಿಂತ ಹೆಚ್ಚು ಮರ ಇಂದಿಗೂ ಮೂಲದ್ದೇ.

ಮರದ ಹಡಗನ್ನು ಕಾಯುವುದು ಒಮ್ಮೆ ಮಾಡಿ ಮುಗಿಸುವ ಕೆಲಸವಲ್ಲ. ಉಪ್ಪುನೀರಿಗಿಂತ ಮಳೆನೀರು ಅದಕ್ಕೆ ಅಪಾಯಕಾರಿ. ಬಿರುಕಿನಲ್ಲಿ ಇಳಿದು ಒಳಗಿಂದ ಕೊಳೆಸುತ್ತದೆ. ನೀರು ಬಸಿದ ಒಣ ಕಟ್ಟೆಯಲ್ಲಿ (ಡ್ರೈ ಡಾಕ್) ನಿಲ್ಲಿಸಿದರೆ ಇಡೀ ಭಾರ ಕೆಲವೇ ಆಧಾರಗಳ ಮೇಲೆ ಬಿದ್ದು ಒಡಲು ಕುಸಿಯುತ್ತದೆ. ಬ್ರಿಟಿಷ್ ನೌಕಾಧಿಪತಿ ನೆಲ್ಸನ್ನನ ವಿಕ್ಟರಿ ನೌಕೆಯ ಆಧಾರಗಳನ್ನು ಈಚೆಗೆ ಹೊಸದಾಗಿ 134 ಕಂಬಗಳ ಮೇಲೆ ಹಂಚಬೇಕಾಗಿ ಬಂದದ್ದು ಇದೇ ಕಾರಣಕ್ಕೆ. ತೇಲುವ ಹಡಗಿಗೆ ನೀರೇ ಎಲ್ಲ ಕಡೆಯಿಂದ ಸಮನಾಗಿ ಆಸರೆ ಕೊಡುತ್ತದೆ.

ನಮ್ಮಲ್ಲಿ ವಿಕ್ರಾಂತ್ ವಿಮಾನವಾಹಕ ನೌಕೆ ಮುಂಬಯಿಯಲ್ಲಿ ವಸ್ತುಸಂಗ್ರಹಾಲಯವಾಗಿದ್ದೂ 2014ರಲ್ಲಿ ಗುಜರಿಗೆ ಹೋಯಿತು. ವಿಶಾಖಪಟ್ಟಣದ ಕುರ್ಸುರಾ ಜಲಾಂತರ್ಗಾಮಿ ಮತ್ತು ಕಾರವಾರದ ಚಪಲ್ ಜನರಿಗೆ ತೆರೆದಿವೆ, ಸಂತೋಷ. ಆದರೆ ಇವೆಲ್ಲ ಉಕ್ಕಿನವು. ಪತ್ತೇಮಾರಿ, ಮಂಜಿ ಎಂಬ ಮರದ ಹಾಯಿಹಡಗುಗಳಲ್ಲಿ ಅಕ್ಕಿ, ಹೆಂಚು ಸಾಗಿಸಿದ ಈ ಕರಾವಳಿಯಲ್ಲಿ, ಮಂಜೇಶ್ವರದಿಂದ ತೃಕ್ಕರಿಪುರದವರೆಗೆ, ಮಗುವೊಂದು ಹತ್ತಿ ನೋಡಬಹುದಾದ ಹಾಯಿಹಡಗು ಒಂದೂ ಇಲ್ಲ.

ಕೋಝಿಕ್ಕೋಡಿನ ಬಳಿಯ ಬೇಪೂರಿನಲ್ಲಿ ಉರು ಎಂಬ ಮರದ ಹಡಗು ಕಟ್ಟುವ ಬಡಗಿಗಳು ಈಗಲೂ ಇದ್ದಾರೆ. ಬೇಕಲ ಕೋಟೆಗೆ ಪ್ರವಾಸಿಗರು ಬರುತ್ತಲೇ ಇದ್ದಾರೆ. ಒಂದು ಮಂಜಿಯನ್ನು ಕಟ್ಟಿಸಿ, ಚಂದ್ರಗಿರಿಯ ಅಳಿವೆಯಲ್ಲಿ ತೇಲಿಸಿ, ಜಿಲ್ಲೆಯ ಕನ್ನಡ ಮತ್ತು ಮಲಯಾಳ ಶಾಲೆಗಳ ಮಕ್ಕಳಿಗೆ ಹಗ್ಗ ಕಟ್ಟುವುದನ್ನೂ ಗಾಳಿ ಓದುವುದನ್ನೂ ಕಲಿಸಲು ಸಾಧ್ಯ. ಅದಕ್ಕೂ ಮೊದಲು, ಹಾಯಿ ಏರಿಸಿ ಕಡಲಿಗಿಳಿದಿದ್ದ ಹಿರಿಯರ ಮಾತುಗಳನ್ನು ಈ ಮಳೆಗಾಲದಲ್ಲೇ ದಾಖಲಿಸಲು ತೊಡಗಬೇಕು.