ಪೋರ್ನ್ ಸ್ಟಡೀಸ್ ಅಂದರೆ ಏನು?

ಹೆಸರು ಕೇಳಿದರೆ ಮುಸಿಮುಸಿ ನಗು ಬರಬಹುದು. ಇದನ್ನೂ ಯೂನಿವರ್ಸಿಟಿಯಲ್ಲಿ ಕಲಿಸುತ್ತಾರಾ? ಹೌದು, ಕಲಿಸುತ್ತಾರೆ. ಅಶ್ಲೀಲ ಚಿತ್ರಗಳನ್ನು ಯಾರು ತಯಾರಿಸುತ್ತಾರೆ, ದುಡ್ಡು ಯಾರ ಕೈ ಸೇರುತ್ತದೆ, ಕಾನೂನು ಏನು ಹೇಳುತ್ತದೆ, ನೋಡಿದವರ ಮೇಲೆ ಏನು ಪರಿಣಾಮವಾಗುತ್ತದೆ ಎಂದೆಲ್ಲ ವಿಚಾರಿಸುವ ಅಧ್ಯಯನ ಇದು.

1980ರ ದಶಕದ ಅಮೆರಿಕದಲ್ಲಿ ಜಗಳವೆಲ್ಲ ಒಂದೇ ವಿಷಯಕ್ಕೆ: ಇದಕ್ಕೆ ಕಡಿವಾಣ ಹಾಕಬೇಕೋ ಬೇಡವೋ. ಸ್ತ್ರೀವಾದಿಗಳಲ್ಲೇ ಎರಡು ಬಣಗಳಿದ್ದವು. ಆಂಡ್ರಿಯಾ ಡ್ವರ್ಕಿನ್ ಮತ್ತು ಕ್ಯಾಥರೀನ್ ಮೆಕಿನನ್ ಇದನ್ನು ಹೆಣ್ಣಿನ ಹಕ್ಕಿನ ಮೇಲಿನ ದಾಳಿ ಎಂದರು. ಸುಮ್ನೆ ಹೇಳಿ ಬಿಡಲಿಲ್ಲ, ಕಾನೂನನ್ನೇ ಬರೆದುಕೊಟ್ಟರು. ಅದರ ಒಂದು ರೂಪವನ್ನು 1984ರಲ್ಲಿ ಇಂಡಿಯಾನಾಪೊಲಿಸ್ ನಗರ ಅಂಗೀಕರಿಸಿತು. ವಾಕ್ ಸ್ವಾತಂತ್ರ್ಯಕ್ಕೆ ವಿರುದ್ಧ ಎಂದು ಕೋರ್ಟು ಅದನ್ನು ರದ್ದು ಮಾಡಿತು. ಸೆನ್ಸಾರ್ ಬಂದರೆ ಹೆಣ್ಣುಮಕ್ಕಳ ಬಾಯನ್ನೂ ಮುಚ್ಚಿಸುತ್ತಾರೆ ಎಂಬುದು ಎದುರು ಬಣದ ಭಯ.

1989ರಲ್ಲಿ ಸಿನಿಮಾ ವಿದ್ವಾಂಸೆ ಲಿಂಡಾ ವಿಲಿಯಮ್ಸ್ ಪ್ರಶ್ನೆಯನ್ನೇ ಬದಲಿಸಿದರು. ಸರಿಯೋ ತಪ್ಪೋ ಎಂಬ ವಾದ ಆಮೇಲೆ ಇರಲಿ, ಬೇರೆ ಸಿನಿಮಾ ಪ್ರಕಾರಗಳ ಹಾಗೆ ಇದಕ್ಕೂ ಒಂದು ಚರಿತ್ರೆ, ಒಂದು ಕಟ್ಟುಪಾಡು ಇದೆ ಎಂದು ಪುಸ್ತಕ ಬರೆದು ತೋರಿಸಿದರು. ಅಷ್ಟರಲ್ಲಿ ವಿಡಿಯೋ ಕ್ಯಾಸೆಟ್ ಈ ಚಿತ್ರಗಳನ್ನು ಥಿಯೇಟರಿನಿಂದ ಮನೆಯೊಳಗೆ ತಂದಿತ್ತು. ಯಾರೋ ಕೆಲವರ ಚಟ ಎಂದು ತಳ್ಳಿಹಾಕುವಂತಿರಲಿಲ್ಲ. 1993ರಲ್ಲಿ ಸಿನಿಮಾ ಅಧ್ಯಾಪಕಿ ಕಾನ್ಸ್ಟನ್ಸ್ ಪೆನ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾ ಯೂನಿವರ್ಸಿಟಿಯಲ್ಲಿ ಈ ವಿಷಯದ ಪಾಠ ಶುರು ಮಾಡಿದರು. 2014ರಲ್ಲಿ ಇದಕ್ಕೇ ಮೀಸಲಾದ ಸಂಶೋಧನಾ ಪತ್ರಿಕೆ ಬಂತು. ಸಂಪಾದಕರು ಉದ್ಯಮದ ಪರ ಇದ್ದಾರೆಂಬ ದೂರು ಮೊದಲ ಸಂಚಿಕೆಗಿಂತ ಮುಂಚೆಯೇ ಎದ್ದಿತ್ತು! ಆ ದೂರನ್ನು ಬರೀ ಮಡಿವಂತಿಕೆ ಅಂತ ತಳ್ಳಿಬಿಡಲು ನನಗೆ ಮನಸ್ಸಿಲ್ಲ. ಕ್ಯಾಮೆರಾ ಮುಂದೆ ನಿಂತವರ ಒಪ್ಪಿಗೆ ನಿಜವಾದದ್ದೇ ಎಂದು ಕೇಳದ ಪಾಠ ಅರ್ಧ ಪಾಠ.

ನಿಜವಾದ ತೊಡಕು ತರಗತಿಯಲ್ಲಿದೆ. ಚಿತ್ರ ತೋರಿಸಬೇಕೋ, ಬರೀ ಚರ್ಚೆ ಸಾಕೋ? 2022ರಲ್ಲಿ ಅಮೆರಿಕದ ಯೂಟಾ ರಾಜ್ಯದ ವೆಸ್ಟ್‌ಮಿನ್ಸ್ಟರ್ ಕಾಲೇಜಿನ ಇಂಥದೊಂದು ಕೋರ್ಸಿನ ವಿವರದಲ್ಲಿ ‘ಒಟ್ಟಿಗೆ ಕೂತು ನೋಡುತ್ತೇವೆ’ ಎಂಬ ಅರ್ಥದ ಮಾತಿತ್ತು. ದೊಡ್ಡ ಗಲಾಟೆಯೇ ಆಯಿತು. ವಿದ್ಯಾರ್ಥಿಗಳು ವಯಸ್ಕರು, ಕೋರ್ಸು ಕಡ್ಡಾಯವಲ್ಲ ಎನ್ನಬಹುದು. ಆದರೂ ಮಾರ್ಕ್ಸು ಕೊಡುವ ಮೇಷ್ಟರ ಎದುರು ‘ನನಗೆ ಇದು ಬೇಡ’ ಎನ್ನುವುದು ಅಷ್ಟು ಸುಲಭ ಅಲ್ಲ ಅಲ್ವಾ? ಅದಕ್ಕೇ ಏನು ನೋಡಬೇಕಾಗುತ್ತದೆಂದು ಮೊದಲೇ ತಿಳಿಸುವುದು, ಎದ್ದುಹೋಗಲು ಅವಕಾಶ ಕೊಡುವುದು, ಸ್ವಂತ ಅನುಭವ ಹೇಳೆಂದು ಯಾರನ್ನೂ ಕೆದಕದಿರುವುದು ಇಂಥ ತರಗತಿಗೆ ತೀರಾ ಅಗತ್ಯ.