‘ಇದನ್ನ ಯಾರು ಹೇಳಿದ್ದು?’

ರಿಪೋರ್ಟಿನ ಎರಡನೇ ಪುಟ ತಿರುಗಿಸುವಷ್ಟರಲ್ಲಿ ಆ ಪ್ರಶ್ನೆ ಬಂದೇ ಬರುತ್ತದೆ. ‘ಮೇಡಂ, ಇದನ್ನ ಯಾರು ಹೇಳಿದ್ದು?’

ಕೆಲವರು ನೇರವಾಗಿ ಕೇಳುತ್ತಾರೆ. ಕೆಲವರು ಸುತ್ತಿ ಬಳಸಿ, ‘ಹೆಸರು ಬೇಡ, ಯಾವ ಸೆಕ್ಷನ್ ಅಂತ ಹೇಳಿದ್ರೆ ಸಾಕು’ ಅನ್ನುತ್ತಾರೆ. ಒಬ್ಬರಂತೂ ಒಂದು ಸಾಲಿನ ಮೇಲೆ ಬೆರಳಿಟ್ಟು, ತಾವೇ ಒಂದು ಹೆಸರು ಹೇಳಿ, ನನ್ನ ಮುಖವನ್ನೇ ನೋಡುತ್ತಾ ಕೂತರು. ನಾನು ನೀರು ಕುಡಿದೆ. ಮುಖದಲ್ಲಿ ಏನೂ ತೋರಿಸದೆ ನೀರು ಕುಡಿಯುವುದು ನಮ್ಮ ವೃತ್ತಿಯಲ್ಲಿ ಕಲಿಯಲೇಬೇಕಾದ ವಿದ್ಯೆ.

ನನ್ನ ಕೆಲಸ ಇಷ್ಟೇ. ಒಂದು ಸಂಸ್ಥೆಯವರು ಕರೆಯುತ್ತಾರೆ. ಅಲ್ಲಿನ ಜನರಿಗೆ ‘ನನಗೆ ಇಲ್ಲಿ ಮರ್ಯಾದೆ ಇದೆ, ಇದು ನನ್ನ ಜಾಗವೂ ಹೌದು’ ಅನ್ನಿಸುತ್ತದೆಯೇ ಎಂದು ತಿಳಿಯಬೇಕು. ಸರ್ವೆ ಮಾಡುತ್ತೇನೆ, ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾತಾಡುತ್ತೇನೆ, ಮೀಟಿಂಗುಗಳಲ್ಲಿ ಮೂಲೆಯಲ್ಲಿ ಕೂರುತ್ತೇನೆ. ಕಂಡದ್ದನ್ನು ಬೇರೆ ಕಡೆ ನಡೆದ ಸಂಶೋಧನೆಗಳ ಪಕ್ಕದಲ್ಲಿಟ್ಟು ಬರೆದುಕೊಡುತ್ತೇನೆ. ನನ್ನನ್ನು ಕರೆಸುವವರು ಕೆಟ್ಟವರಲ್ಲ. ದುಡ್ಡು ಕೊಟ್ಟು ಕರೆಸಿದ್ದಾರೆ ಅಂದಮೇಲೆ ತಿಳಿದುಕೊಳ್ಳುವ ಮನಸ್ಸು ಇದ್ದೇ ಇದೆ. ಆದರೆ ಈ ಒಂದು ಪ್ರಶ್ನೆ ಆರು ವಾರದ ಕೆಲಸವನ್ನು ಒಂದೇ ಮಧ್ಯಾಹ್ನದಲ್ಲಿ ಹಾಳು ಮಾಡಬಲ್ಲದು.

ಅದರ ಬೆನ್ನಿಗೇ ಬರುವ ಇನ್ನೊಂದು ಮಾತಿದೆ. ‘ನಮ್ಮಲ್ಲಿ ಇಲ್ಲಿಯತನಕ ಒಂದು ದೂರೂ ಬಂದಿಲ್ಲ.’ ಇದನ್ನು ಹೆಮ್ಮೆಯಿಂದ ಹೇಳುತ್ತಾರೆ. ನನಗೆ ಜಾಸ್ತಿ ಕಳವಳ ಆಗುವುದು ಇಲ್ಲೇ.

ಏಮಿ ಎಡ್ಮಂಡ್‌ಸನ್ ಎಂಬ ಸಂಶೋಧಕಿ 1990ರ ದಶಕದಲ್ಲಿ ಎರಡು ಆಸ್ಪತ್ರೆಗಳ 8 ಘಟಕಗಳನ್ನು ಅಭ್ಯಾಸ ಮಾಡಿದರು. ರೋಗಿಗಳಿಗೆ ಔಷಧಿ ಕೊಡುವಾಗ ಆಗುವ ತಪ್ಪುಗಳ ಅಧ್ಯಯನ ಅದು. ಒಳ್ಳೆಯ ಹೊಂದಾಣಿಕೆ ಇರುವ ತಂಡಗಳಲ್ಲಿ ತಪ್ಪು ಕಡಿಮೆ ಇರುತ್ತದೆ ಎಂದುಕೊಂಡಿದ್ದರು. ಲೆಕ್ಕ ಉಲ್ಟಾ ಬಂತು. ಒಳ್ಳೆಯ ತಂಡಗಳಲ್ಲೇ ಹೆಚ್ಚು ತಪ್ಪು ದಾಖಲಾಗಿತ್ತು! ಆಮೇಲೆ ಈ ಲೆಕ್ಕದ ಬಗ್ಗೆ ಏನೂ ಗೊತ್ತಿಲ್ಲದ ಒಬ್ಬರನ್ನು ಆ ಘಟಕಗಳಿಗೆ ಕಳಿಸಿ ನೋಡಿದಾಗ ಅರ್ಥವಾಯಿತು. ಒಳ್ಳೆಯ ತಂಡಗಳವರು ತಪ್ಪನ್ನು ಬಾಯಿಬಿಟ್ಟು ಹೇಳುತ್ತಿದ್ದರು. ಉಳಿದ ಕಡೆ ಮುಚ್ಚಿಡುತ್ತಿದ್ದರು. ಇದು 1996ರಲ್ಲಿ ಪ್ರಕಟವಾಯಿತು. 8 ಘಟಕ ಅಂದರೆ ಚಿಕ್ಕ ಸಂಖ್ಯೆ, ಇದರಿಂದಲೇ ಎಲ್ಲವೂ ಸಾಬೀತಾಯಿತು ಎನ್ನಲು ಬರುವುದಿಲ್ಲ. 1999ರಲ್ಲಿ ಅವರು ಒಂದು ತಯಾರಿಕಾ ಕಂಪನಿಯ 51 ತಂಡಗಳನ್ನು ನೋಡಿದರು. ‘ಇಲ್ಲಿ ಬಾಯಿ ಬಿಟ್ಟರೆ ನನಗೇನೂ ಆಗುವುದಿಲ್ಲ’ ಎಂಬ ನಂಬಿಕೆ ಇದ್ದ ತಂಡಗಳು ಹೆಚ್ಚು ಕಲಿಯುತ್ತಿದ್ದವು ಎಂದು ಅಲ್ಲೂ ಕಂಡಿತು.

ಈ ಕಥೆ ಹೇಳಿದಾಗ ಎಲ್ಲರೂ ತಲೆಯಾಡಿಸುತ್ತಾರೆ. ತಲೆಯಾಡಿಸಿ, ‘ಹೌದು ಮೇಡಂ, ಆದ್ರೆ ನಮ್ಮಲ್ಲಿ ನಿಜವಾಗ್ಲೂ ದೂರಿಲ್ಲ’ ಅನ್ನುತ್ತಾರೆ. ಹಾಗಾಗಿ ಇನ್ನೊಂದು ಸಲ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಸೊನ್ನೆ ಎರಡು ಕಾರಣಕ್ಕೆ ಬರುತ್ತದೆ. ಹೇಳುವಂಥದ್ದು ಏನೂ ಇಲ್ಲದಿದ್ದರೂ ಸೊನ್ನೆ, ಹೇಳುವ ಧೈರ್ಯ ಯಾರಿಗೂ ಇಲ್ಲದಿದ್ದರೂ ಸೊನ್ನೆ. ಕಾಗದದ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಯಾವುದು ಯಾವುದು ಎಂದು ಆ ಅಂಕಿಯನ್ನೇ ಕೇಳಿದರೆ ಅದು ಹೇಳುವುದಿಲ್ಲ. ‘ನನ್ನ ಬಾಗಿಲು ಯಾವಾಗಲೂ ತೆರೆದಿರುತ್ತೆ’ ಅನ್ನುವವರಿಗೂ ಇದೇ ಮಾತು. ಬಾಗಿಲು ತೆರೆದಿದೆ, ಸರಿ. ಕೊನೆಯ ಸಲ ಒಳಗೆ ಬಂದವರಿಗೆ ಆಮೇಲೆ ಏನಾಯಿತು ಎಂಬುದನ್ನು ಹೊರಗಿನ ಅಷ್ಟೂ ಜನ ನೋಡಿರುತ್ತಾರೆ.

ಇನ್ನೊಂದು ತೊಡಕು ಇದೆ. ಎಷ್ಟೋ ಅವಮಾನಗಳು ದೂರು ಕೊಡುವಂಥ ಆಕಾರದಲ್ಲಿ ಇರುವುದೇ ಇಲ್ಲ. ಲಿನ್ ಆಂಡರ್ಸನ್ ಮತ್ತು ಕ್ರಿಸ್ಟೀನ್ ಪಿಯರ್ಸನ್ 1999ರಲ್ಲಿ ಕೆಲಸದ ಜಾಗದ ಒರಟುತನದ ಬಗ್ಗೆ ಬರೆದ ಲೇಖನದಲ್ಲಿ ಇದನ್ನು ಚೆನ್ನಾಗಿ ಹಿಡಿದಿದ್ದಾರೆ. ಏಟು ಚಿಕ್ಕದು, ಬೇಕೆಂದೇ ಕೊಟ್ಟರೋ ಅಲ್ಲವೋ ಸ್ಪಷ್ಟವಿಲ್ಲ. ನಾನು ಮೂಲೆಯಲ್ಲಿ ಕೂತ ಒಂದು ಮೀಟಿಂಗಿನಲ್ಲಿ ಹೊಸದಾಗಿ ಸೇರಿದ ಹುಡುಗಿ ಮೂರು ಸಲ ಒಂದು ಸಲಹೆ ಕೊಟ್ಟಳು. ಯಾರೂ ಬೈಯಲಿಲ್ಲ, ನಗಲಿಲ್ಲ. ಉತ್ತರವನ್ನೂ ಕೊಡಲಿಲ್ಲ. ಹದಿನೈದು ನಿಮಿಷದ ಮೇಲೆ ಹಿರಿಯರೊಬ್ಬರು ಅದನ್ನೇ ಹೇಳಿದರು. ‘ಒಳ್ಳೇ ಪಾಯಿಂಟ್ ಸರ್’ ಎಂದು ಎಲ್ಲರೂ ಬರೆದುಕೊಂಡರು. ಅವಳು ಪೆನ್ನಿನ ಕ್ಯಾಪ್ ಹಾಕಿದಳು. ಈಗ ಹೇಳಿ, ಅವಳು ಯಾವ ಫಾರಂನಲ್ಲಿ ಏನಂತ ದೂರು ಬರೆಯಬೇಕು? ‘ನನಗೆ ಯಾರೂ ಏನೂ ಮಾಡಲಿಲ್ಲ’ ಅಂತಲೇ?

ಕಿಪ್ಲಿಂಗ್ ವಿಲಿಯಮ್ಸ್ ಎಂಬ ಮನಶ್ಶಾಸ್ತ್ರಜ್ಞ ಇಂಥದ್ದನ್ನೇ ಬಹಳ ವರ್ಷ ಅಭ್ಯಾಸ ಮಾಡಿದರು. ಪಾರ್ಕಿನಲ್ಲಿ ಕೂತಿದ್ದಾಗ ಇಬ್ಬರು ಅಪರಿಚಿತರ ಫ್ರಿಸ್ಬಿ ಅವರ ಬಳಿ ಬಂದು ಬಿತ್ತಂತೆ. ಇವರು ಎಸೆದರು, ಅವರೂ ಇವರಿಗೆ ಎಸೆದರು, ಸ್ವಲ್ಪ ಹೊತ್ತು ಆಡಿದರು. ಆಮೇಲೆ ಸುಮ್ನೆ ಎಸೆಯುವುದನ್ನು ನಿಲ್ಲಿಸಿಬಿಟ್ಟರು. ಅಷ್ಟಕ್ಕೇ ಎಷ್ಟು ಕಸಿವಿಸಿ ಆಯಿತೆಂದರೆ, ಮುಂದೆ ಅದನ್ನೇ ಪ್ರಯೋಗ ಮಾಡಿಕೊಂಡರು. ಕಂಪ್ಯೂಟರಿನಲ್ಲಿ ಮೂವರು ಚೆಂಡು ಎಸೆಯುವ ಆಟ. ಸ್ವಲ್ಪ ಹೊತ್ತಿನ ಮೇಲೆ ಒಬ್ಬರಿಗೆ ಚೆಂಡೇ ಬರುವುದಿಲ್ಲ. ಎದುರಿಗಿರುವುದು ಮನುಷ್ಯರಲ್ಲ, ಬರೀ ಕಂಪ್ಯೂಟರ್ ಎಂದು ಮೊದಲೇ ಹೇಳಿದರೂ ಜನ ನೊಂದುಕೊಂಡರು. ಕೆಲವೇ ನಿಮಿಷದ ಆಟ, ಲ್ಯಾಬಿನೊಳಗಿನ ಮಾತು, ಸರಿ. ಆದರೆ ಆಫೀಸಿನಲ್ಲಿ ಚೆಂಡು ಬಾರದೆ ಕೂತವರು ವರ್ಷಗಟ್ಟಲೆ ಕೂತಿರುತ್ತಾರೆ.

‘ಇದೆಲ್ಲ ತೀರಾ ಸೂಕ್ಷ್ಮ ಮನಸ್ಸಿನವರ ಸಮಸ್ಯೆ’ ಅನ್ನುವವರಿಗೆ ನಾನು ಇಸ್ರೇಲಿನ ಒಂದು ಅಧ್ಯಯನ ತೋರಿಸುತ್ತೇನೆ, 2015ರದು. ನವಜಾತ ಶಿಶುಗಳ ತೀವ್ರ ನಿಗಾ ಘಟಕದ 24 ತಂಡಗಳಿಗೆ ಗೊಂಬೆ ಮಗುವಿನ ಮೇಲೆ ಚಿಕಿತ್ಸೆಯ ತಾಲೀಮು ಇತ್ತು. ಕೆಲವು ತಂಡಗಳಿಗೆ ಹೊರದೇಶದ ತಜ್ಞ ಎನ್ನಿಸಿಕೊಂಡವರೊಬ್ಬರು ಅಲ್ಲಿನ ವೈದ್ಯಕೀಯ ಮಟ್ಟದ ಬಗ್ಗೆ ಹಗುರವಾಗಿ ಮಾತಾಡಿದರು. ಅಷ್ಟೇ. ಆ ತಂಡಗಳು ರೋಗ ಗುರುತಿಸುವುದರಲ್ಲೂ ಹಿಂದೆ ಬಿದ್ದವು, ಕೈಕೆಲಸದಲ್ಲೂ ಹಿಂದೆ ಬಿದ್ದವು. ಹೆಚ್ಚು ವಿವರಿಸಲು ಹೋಗುವುದಿಲ್ಲ. ಅದನ್ನು ಓದಿದವರು ಸಾಮಾನ್ಯವಾಗಿ ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ.

ಸರಾಸರಿಯ ವಿಷಯ ಒಂದಿಷ್ಟು. ಹನ್ನೆರಡು ಜನರ ಟೀಮ್. ಹತ್ತು ಜನ ‘ನನಗೆ ಇಲ್ಲಿ ಗೌರವ ಸಿಗುತ್ತದೆ’ ಎಂಬುದಕ್ಕೆ 5ಕ್ಕೆ 5 ಕೊಟ್ಟರು. ಇಬ್ಬರು 1 ಕೊಟ್ಟರು. ಸರಾಸರಿ 4.3. ಗೋಡೆಗೆ ಅಂಟಿಸುವಂಥ ಅಂಕ! ಆ ಇಬ್ಬರು ಅದೇ ಗೋಡೆ ನೋಡಿಕೊಂಡು ಊಟ ಮಾಡುತ್ತಾರೆ. ಅದಕ್ಕೇ ನಾನು ಸರಾಸರಿಯನ್ನು ಮೊದಲ ಪುಟದಲ್ಲಿ ಹಾಕುವುದನ್ನೇ ಬಿಟ್ಟಿದ್ದೇನೆ. ಎಷ್ಟು ಜನ ಯಾವ ಅಂಕ ಕೊಟ್ಟರು ಎಂದು ಹರಡಿ ತೋರಿಸುತ್ತೇನೆ. ತೋರಿಸಿದ ತಕ್ಷಣ ಏನಾಗುತ್ತದೆ ಹೇಳಿ? ‘ಆ ಇಬ್ಬರು ಯಾರು?’ ಹಾಗಾಗಿ ಐದು ಜನಕ್ಕಿಂತ ಚಿಕ್ಕ ಗುಂಪಿದ್ದರೆ ಅದನ್ನು ಬೇರೆಯಾಗಿ ತೋರಿಸುವುದಿಲ್ಲ, ಇಡೀ ವಿಭಾಗದ ಜೊತೆ ಸೇರಿಸಿಬಿಡುತ್ತೇನೆ. ವಯಸ್ಸು, ಸೆಕ್ಷನ್, ಗಂಡೋ ಹೆಣ್ಣೋ, ಮೂರನ್ನೂ ಒಟ್ಟಿಗೆ ಬಿಡಿಸಿಟ್ಟರೆ ಹೆಸರು ಹೇಳಿದ ಹಾಗೇ ಆಯಿತು, ಅಲ್ವಾ?

ಇಷ್ಟು ಹಟ ಮಾಡುವುದಕ್ಕೆ ನನ್ನದೇ ಒಂದು ತಪ್ಪು ಕಾರಣ. ವೃತ್ತಿ ಶುರುಮಾಡಿದ ಹೊಸತು. ಸರ್ವೆಯಲ್ಲಿ ಒಬ್ಬರು ಬರೆದ ಸಾಲು ತುಂಬಾ ಚೆನ್ನಾಗಿತ್ತು. ‘ನನ್ನ ಕೆಲಸ ಬೇಕು, ನಾನು ಬೇಡ.’ ಅದರ ಕೆಳಗೆ ಇನ್ನೆರಡು ಸಾಲು ಇದ್ದವು. ಮೂರನ್ನೂ ಹಾಗ್ಹಾಗೇ ರಿಪೋರ್ಟಿಗೆ ಹಾಕಿದೆ. ಮ್ಯಾನೇಜರು ಓದಿ ನಕ್ಕರು. ‘ಈ ಪದ ನಮ್ಮಲ್ಲಿ ಒಬ್ರೇ ಬಳಸೋದು’ ಅಂದರು. ಮೂರು ತಿಂಗಳಲ್ಲಿ ಆ ಸಾಲು ಬರೆದವರನ್ನು ಬೇರೆ ಸೆಕ್ಷನ್ನಿಗೆ ಹಾಕಿದ್ದು ತಿಳಿಯಿತು. ಎರಡಕ್ಕೂ ಸಂಬಂಧ ಇತ್ತೋ ಇಲ್ಲವೋ, ನಾನು ಸಾಬೀತು ಮಾಡಲಾರೆ. ಮುಂದಿನ ವರ್ಷದ ಸರ್ವೆಯಲ್ಲಿ ಆ ಆಫೀಸಿನ ಒಬ್ಬರೂ ಬಿಟ್ಟ ಜಾಗದಲ್ಲಿ ಒಂದಕ್ಷರ ಬರೆಯಲಿಲ್ಲ. ಅಂಕಗಳು ಮಾತ್ರ ಏರಿದ್ದವು. ಈಗ ಪ್ರತಿ ಮಾತನ್ನೂ ನನ್ನ ಭಾಷೆಯಲ್ಲಿ ತಿರುಗಿಸಿ ಬರೆಯುತ್ತೇನೆ. ಸಪ್ಪೆಯಾಗುತ್ತದೆ. ಆಗಲಿ.

ಒಂದು ಎಚ್ಚರಿಕೆ. ಲೈಂಗಿಕ ಕಿರುಕುಳ, ಹಲ್ಲೆ, ಜಾತಿ ಹೆಸರಲ್ಲಿ ಹೀಯಾಳಿಕೆ, ಇವು ಸರ್ವೆಯ ವಿಷಯವಲ್ಲ. ಅಲ್ಲಿ ಯಾರು, ಯಾವಾಗ, ಎಲ್ಲಿ ಎಂದು ಕೇಳಲೇಬೇಕು. ಅದಕ್ಕೆ ಕಾನೂನಿನ ದಾರಿಯೇ ಬೇರೆ ಇದೆ. ನಾನು ಹೇಳುತ್ತಿರುವುದು ದಿನದಿನದ ಚಿಕ್ಕ ಏಟುಗಳ ಮಾತು.

ಹಾಗಾದರೆ ಏನು ಕೇಳಬೇಕು? ಅಮೆರಿಕದಲ್ಲಿ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ 2005ರಲ್ಲಿ ‘ಕ್ರೂ’ ಎಂಬ ಕಾರ್ಯಕ್ರಮ ಶುರುವಾಯಿತು. ಅದರಲ್ಲಿ ನನಗೆ ಹಿಡಿಸಿದ್ದು ಒಂದೇ ವಿಷಯ. ಮರ್ಯಾದೆ ಅಂದರೇನು ಎಂದು ಮೇಲಿನಿಂದ ಯಾರೂ ಪಟ್ಟಿ ಕೊಡುವುದಿಲ್ಲ. ಆಯಾ ಘಟಕದವರೇ ಮತ್ತೆ ಮತ್ತೆ ಕೂತು, ‘ನಮ್ಮಲ್ಲಿ ಇದು ಹೇಗಿರಬೇಕು’ ಎಂದು ಮಾತಾಡಿಕೊಳ್ಳುತ್ತಾರೆ, ತಿಂಗಳುಗಟ್ಟಲೆ. ಕೆನಡಾದ ಆಸ್ಪತ್ರೆಗಳಲ್ಲಿ 8 ಘಟಕಗಳು ಆರು ತಿಂಗಳು ಇದನ್ನು ಮಾಡಿದವು. ಮಾಡದೆ ಉಳಿದ 33 ಘಟಕಗಳ ಜೊತೆ ಹೋಲಿಸಿದಾಗ ಸೌಜನ್ಯ ಹೆಚ್ಚಿತ್ತು, ರಜೆ ಹಾಕುವುದು ಕಡಿಮೆಯಾಗಿತ್ತು. 2011ರಲ್ಲಿ ಪ್ರಕಟವಾದ ಅಧ್ಯಯನ. ಎಲ್ಲ ಕಡೆ ಹೀಗೇ ಆಗುತ್ತದೆ ಎಂದು ನಾನು ಬರೆದುಕೊಡುವುದಿಲ್ಲ. ಆದರೆ ಅಲ್ಲಿ ‘ಯಾರು ಹೇಳಿದ್ದು’ ಎಂಬ ಪ್ರಶ್ನೆಗೆ ಜಾಗವೇ ಇಲ್ಲ, ಏಕೆಂದರೆ ಎಲ್ಲರೂ ಎಲ್ಲರ ಎದುರಿಗೇ ಹೇಳುತ್ತಿರುತ್ತಾರೆ.

ಇದನ್ನು ಒಪ್ಪಿಕೊಂಡು ಶುರುಮಾಡಿದ ಮ್ಯಾನೇಜರೊಬ್ಬರು ನಾಲ್ಕು ತಿಂಗಳಿಗೆ ಫೋನ್ ಮಾಡಿದರು. ದನಿಯಲ್ಲಿ ಸಿಟ್ಟು. ‘ಏನ್ ಮೇಡಂ, ಮೊದಲು ದೂರೇ ಇರಲಿಲ್ಲ. ಈಗ ವಾರಕ್ಕೊಂದು ಬರ್ತಿದೆ.’

‘ಏನಂತ ಬರ್ತಿವೆ?’ ಅಂದೆ.

ಓದಿ ಹೇಳಿದರು. ಮೀಟಿಂಗಿನ ಸಮಯ ಕೊನೆ ಗಳಿಗೆಯಲ್ಲಿ ಬದಲಾಗುತ್ತದೆ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕುತ್ತಾರೆ. ಮೇಲ್‌ನಲ್ಲಿ ಬೇಕೆಂದೇ ಒಬ್ಬರ ಹೆಸರು ಬಿಡುತ್ತಾರೆ. ಕೊನೆಯದನ್ನು ಓದುವಾಗ ಅವರ ದನಿ ಸ್ವಲ್ಪ ತಗ್ಗಿತು. ಅದು ಅವರ ಮೇಲೇ ಇತ್ತು. ಕೆಳಗೆ ಬರೆದವರು ತಮ್ಮ ಹೆಸರು ಹಾಕಿದ್ದರು.