ಸೊಪ್ಪು ಹಾಕುವ ಮುನ್ನ ಹುಳು ನೋಡಬೇಕು

ಶಿಡ್ಲಘಟ್ಟದ ಸುತ್ತಲಿನ ಹಳ್ಳಿಗಳಲ್ಲಿ ಬೆಳಗಿನ ಹಿಪ್ಪುನೇರಳೆ ಸೊಪ್ಪನ್ನು ಹೊತ್ತು ಹುಳು ಮನೆಗೆ ಬರುವವರು ಅದನ್ನು ಬಾಗಿಲ ಬಳಿ ಇಳಿಸಿ, ಮೊದಲು ಹುಳುಗಳ ಮೇಲೆ ಬಾಗಿ ನೋಡುತ್ತಾರೆ. ಮೊಟ್ಟೆಯಿಂದ ಹೊರಬಂದ ರೇಷ್ಮೆ ಹುಳು ಗೂಡು ಕಟ್ಟುವಷ್ಟರಲ್ಲಿ ನಾಲ್ಕು ಬಾರಿ ಪೊರೆ ಕಳಚುತ್ತದೆ. ನಮ್ಮ ಕಡೆ ಇದಕ್ಕೆ ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳು ತಲೆಯೆತ್ತಿಕೊಂಡು, ಅಲುಗಾಡದೆ, ಹೆಚ್ಚುಕಡಿಮೆ ಒಂದು ದಿನ ಮೇವು ಮುಟ್ಟುವುದಿಲ್ಲ. ಆ ಹೊತ್ತಿನಲ್ಲಿ ಸೊಪ್ಪು ಹಾಕಿದರೆ ಹಾಸಿಗೆಯಲ್ಲಿ ತೇವ ಏರುತ್ತದೆ, ಬೇಗ ಎದ್ದ ಹುಳುಗಳು ಮಾತ್ರ ಮೇದು ಮುಂದೆ ಹೋಗುತ್ತವೆ, ಬೆಳವಣಿಗೆ ಏರುಪೇರಾಗುತ್ತದೆ. ಆದ್ದರಿಂದ ಸುಣ್ಣದ ಪುಡಿ ಉದುರಿಸಿ, ಬಹುಪಾಲು ಹುಳು ಏಳುವವರೆಗೆ ಕಾಯುತ್ತಾರೆ. ವರ್ಷಗಳಿಂದ ಸೊಪ್ಪು ಹಾಕಿ ಪಳಗಿದ ಕೈ ತಾನಾಗಿಯೇ ಸೊಪ್ಪಿನ ಕಡೆಗೆ ಚಾಚುತ್ತದೆ. ಅದನ್ನು ಒಂದು ಕ್ಷಣ ಹಿಡಿದು ನಿಲ್ಲಿಸುವ ಆ ನೋಟವೇ ಇಲ್ಲಿ ನಾನು ಹೇಳಹೊರಟಿರುವ ವಿಷಯ.

ಆ ನೋಟಕ್ಕೆ ಈಚಿನ ದಶಕಗಳಲ್ಲಿ ಮೈಂಡ್‌ಫುಲ್‌ನೆಸ್ ಎಂಬ ಹೆಸರು ಪ್ರಚಾರಕ್ಕೆ ಬಂದಿದೆ. ಬೌದ್ಧ ಗ್ರಂಥಗಳ ಪಾಲಿ ಪದ 'ಸತಿ'ಗೆ ಈ ಇಂಗ್ಲಿಷ್ ಮಾತನ್ನು 1881ರಲ್ಲಿ ಬಳಸಿದವರು ವಿದ್ವಾಂಸ ಟಿ. ಡಬ್ಲ್ಯು. ರೀಸ್ ಡೇವಿಡ್ಸ್. ಜಾನ್ ಕಬಾಟ್‌-ಜಿನ್ 1979ರಲ್ಲಿ ಮಸಾಚುಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಆರಂಭಿಸಿದ ಧ್ಯಾನದ ಅಭ್ಯಾಸಕ್ರಮ ಮುಂದೆ ಎಂಟು ವಾರಗಳ ತರಬೇತಿಯಾಗಿ ಜಗತ್ತಿಗೆ ಹರಡಿತು. ಹರಡುವ ಭರದಲ್ಲಿ ಒಂದು ಅರ್ಥ ಸೋರಿಹೋಯಿತೆಂದು ನನಗೆ ಅನಿಸುತ್ತದೆ. 'ಸತಿ' ಎಂದರೆ ಸಂಸ್ಕೃತದ 'ಸ್ಮೃತಿ', ಅಂದರೆ ನೆನಪು. ಕನ್ನಡದ 'ಎಚ್ಚರ' ಎಂಬ ಮಾತಿನಲ್ಲಿ ಆ ಅರ್ಥ ಇನ್ನೂ ಉಳಿದಿದೆ. 'ಹೇಳಿದ್ದು ಎಚ್ಚರವಿರಲಿ' ಎಂದು ಹಿರಿಯರು ಹೇಳುವಾಗ ಕಣ್ಣು ಮುಚ್ಚಿ ಕೂರಲು ಹೇಳುತ್ತಿಲ್ಲ, ಬೇಕಾದ ಹೊತ್ತಿಗೆ ನೆನಪಿಗೆ ಬರಲಿ ಎನ್ನುತ್ತಿದ್ದಾರೆ.

ಬೇಕಾದ ಹೊತ್ತಿಗೆ ನಾವು ನಂಬಿದ್ದು ನೆನಪಾಗದಿದ್ದರೆ ಏನಾಗುತ್ತದೆಂಬುದಕ್ಕೆ ನಾನೇ ಸಾಕ್ಷಿ. ತೊಂಬತ್ತರ ದಶಕದ ಸಾಕ್ಷರತಾ ಆಂದೋಲನದಲ್ಲಿ ರಾತ್ರಿ ಶಾಲೆ ನಡೆಸಿದವನು ನಾನು. ಓದು ಬಾರದವರ ಮುಂದೆ ಓದು ಬಲ್ಲವನು ಸೊಕ್ಕಿನಿಂದ ನಡೆದುಕೊಳ್ಳಬಾರದು ಎಂಬುದನ್ನು ನಂಬಿದವನು. ಒಂದು ಬೆಳಿಗ್ಗೆ ಶಿಡ್ಲಘಟ್ಟದ ಬಸ್ ನಿಲ್ದಾಣದಲ್ಲಿ ಚಿಕ್ಕಬಳ್ಳಾಪುರದ ಬಸ್ಸಿಗೆ ಓಡುತ್ತಿದ್ದಾಗ, ತಲೆಗೆ ಟವೆಲ್ ಸುತ್ತಿದ್ದ ವೃದ್ಧರೊಬ್ಬರು, "ಸಾ, ಈ ಬಸ್ಸು ದಿಬ್ಬೂರಹಳ್ಳಿಗೆ ಹೋಗ್ತದಾ?" ಎಂದು ಕೇಳಿದರು. "ಬೋರ್ಡ್ ಇದೆಯಲ್ಲ, ನೋಡಿಕೊಳ್ಳಿ" ಎಂದು ಹೇಳಿ ಓಡಿದೆ. ನನ್ನ ಮಾತು ನನಗೇ ಕೇಳಿಸಿದ್ದು ಸೀಟಿನಲ್ಲಿ ಕೂತು ಟಿಕೆಟ್ ತೆಗೆದುಕೊಂಡ ಮೇಲೆ.

ಮನೋವಿಜ್ಞಾನದಲ್ಲಿ ಇಂಥದೇ ಸಂದರ್ಭವನ್ನು ಬೇಕೆಂದೇ ಹೂಡಿದ ಪ್ರಯೋಗವೊಂದಿದೆ. ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ 1973ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರಿನ್ಸ್‌ಟನ್‌ನಲ್ಲಿ ದೇವಶಾಸ್ತ್ರ ಓದುತ್ತಿದ್ದ 40 ವಿದ್ಯಾರ್ಥಿಗಳನ್ನು ಪಕ್ಕದ ಕಟ್ಟಡಕ್ಕೆ ಭಾಷಣ ಮಾಡಲು ಕಳುಹಿಸಲಾಯಿತು. ದಾರಿಯಲ್ಲಿ ಒಬ್ಬಾತ ಕುಸಿದು ಕೂತು ಕೆಮ್ಮುತ್ತ ನರಳುವಂತೆ ನಟಿಸುತ್ತಿದ್ದ. ಸಾಕಷ್ಟು ಸಮಯವಿದೆ ಎಂದು ತಿಳಿದಿದ್ದವರಲ್ಲಿ ಶೇ. 63ರಷ್ಟು ಮಂದಿ ನೆರವಿಗೆ ನಿಂತರು; ಆಗಲೇ ತಡವಾಗಿದೆ ಎಂದು ಹೇಳಿಸಿಕೊಂಡವರಲ್ಲಿ ನಿಂತವರು ಶೇ. 10 ಮಾತ್ರ. ವಿಚಿತ್ರವೆಂದರೆ, ಕೆಲವರ ಭಾಷಣದ ವಿಷಯವೇ ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಉಪಚರಿಸಿದ ಬೈಬಲಿನ ಸಮಾರ್ಯದವನ ಕಥೆಯಾಗಿತ್ತು, ಆದರೂ ಅದರಿಂದ ಗಮನಾರ್ಹ ವ್ಯತ್ಯಾಸವೇನೂ ಕಾಣಲಿಲ್ಲ. ಅವರನ್ನು ಕಪಟಿಗಳೆಂದು ತಳ್ಳಿಹಾಕುವುದು ಸುಲಭ. ಅವಸರವು ಗಮನದ ಹರವನ್ನೇ ಕುಗ್ಗಿಸುವುದರಿಂದ, ಎದುರಿಗಿರುವುದು ತಮ್ಮ ನಂಬಿಕೆಗೆ ಸಂಬಂಧಿಸಿದ ಸಂದರ್ಭ ಎಂಬುದು ಕೆಲವರಿಗೆ ಆ ಕ್ಷಣದಲ್ಲಿ ಹೊಳೆದಿರಲಿಕ್ಕಿಲ್ಲ ಎಂಬ ಸಂಶೋಧಕರ ವಿವರಣೆ ನನಗೆ ಹೆಚ್ಚು ಸರಿ ಕಾಣುತ್ತದೆ. (ನನ್ನ ಪರವಾಗಿ ವಾದಿಸಿಕೊಳ್ಳಲು ಅನುಕೂಲವೆಂಬ ಕಾರಣವೂ ಇರಬಹುದು.)

ಅವಸರವಿಲ್ಲದಾಗಲೂ ಮನಸ್ಸು ಇದ್ದಲ್ಲಿ ಇರುವುದಿಲ್ಲ. ಹಾರ್ವರ್ಡ್‌ನ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 2,250 ವಯಸ್ಕರನ್ನು ಫೋನಿನ ಮೂಲಕ ದಿನದ ಯಾವುದೋ ಹೊತ್ತಿನಲ್ಲಿ ಥಟ್ಟನೆ ವಿಚಾರಿಸಿದಾಗ, ಶೇ. 46.9ರಷ್ಟು ಸಲ ಅವರ ಮನಸ್ಸು ಕೈಯಲ್ಲಿದ್ದ ಕೆಲಸ ಬಿಟ್ಟು ಬೇರೆಲ್ಲೋ ಇತ್ತು. ಆದರೂ ಕೆಲಸಗಳು ನಡೆದೇ ನಡೆಯುತ್ತವೆ, ಏಕೆಂದರೆ ಪದೇಪದೇ ಮಾಡಿದ ಕ್ರಿಯೆಗಳನ್ನು ಮಿದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಎಂಬ ನರಕೋಶಗಳ ಗುಂಪುಗಳು ರೂಢಿಯಾಗಿಸಿಕೊಂಡು, ಪರಿಚಿತ ಸನ್ನಿವೇಶ ಎದುರಾದೊಡನೆ ನಮ್ಮನ್ನು ಕೇಳದೆಯೇ ನಡೆಸಿಬಿಡುತ್ತವೆ. ಈ ಏರ್ಪಾಡು ಇಲ್ಲದಿದ್ದರೆ ದಿನವೂ ಚಪ್ಪಲಿ ಮೆಟ್ಟುವುದಕ್ಕೂ ಯೋಚಿಸಬೇಕಾಗುತ್ತಿತ್ತು. ತೊಂದರೆಯೆಂದರೆ, ಸಿಡುಕುವುದೂ ಇದೇ ರೀತಿ ರೂಢಿಯಾಗುತ್ತದೆ.

ಮನೋವಿಜ್ಞಾನಿ ಸ್ಟೀವನ್ ಹೇಯ್ಸ್ ಮತ್ತು ಸಂಗಡಿಗರು ರೂಪಿಸಿದ, ಮನಸ್ಸಿನಲ್ಲಿ ಏಳುವ ಭಾವನೆಗಳನ್ನು ಒಪ್ಪಿಕೊಳ್ಳುವುದು ಮತ್ತು ತನ್ನ ಮೌಲ್ಯಗಳಿಗೆ ಬದ್ಧವಾಗಿ ನಡೆಯುವುದು ಎಂಬೆರಡನ್ನು ಬೆಸೆಯುವ ಚಿಕಿತ್ಸಾಕ್ರಮದಲ್ಲಿ ಎಚ್ಚರವನ್ನೂ ಮೌಲ್ಯವನ್ನೂ ಜೊತೆಯಾಗಿಯೇ ಅಭ್ಯಾಸ ಮಾಡಿಸುತ್ತಾರೆ. ಅಲ್ಲಿ ಮೌಲ್ಯಕ್ಕೂ ಗುರಿಗೂ ಭೇದವಿದೆ. ಮಗಳನ್ನು ಪದವಿಯವರೆಗೆ ಓದಿಸುವುದು ಗುರಿ, ಒಂದು ದಿನ ಮುಗಿಯುತ್ತದೆ. ಅವಳ ಮಾತಿಗೆ ಕಿವಿಗೊಡುವುದು ಮೌಲ್ಯ, ಅದಕ್ಕೆ ಮುಗಿಯುವ ದಿನವಿಲ್ಲ, ಇಂದಿನ ಸಂಜೆಯೂ ಮಾಡಬೇಕು, ನಾಳೆಯೂ ಮಾಡಬೇಕು. ಹಾಗಾಗಿ 'ಪ್ರಾಮಾಣಿಕತೆ', 'ಕರುಣೆ' ಎಂದು ಡೈರಿಯಲ್ಲಿ ಪಟ್ಟಿ ಬರೆದಿಡುವುದರಿಂದ ಹೆಚ್ಚೇನೂ ಆಗದು.

ಇದಕ್ಕಿಂತ ಉಪಯುಕ್ತವಾದದ್ದು ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಜರ್ ಅವರು ಅಧ್ಯಯನ ಮಾಡಿರುವ ಸಣ್ಣ ಉಪಾಯ: 'ಇಂಥದು ಎದುರಾದರೆ, ಇಂಥದು ಮಾಡುತ್ತೇನೆ' ಎಂದು ಸನ್ನಿವೇಶಕ್ಕೂ ಕ್ರಿಯೆಗೂ ಮೊದಲೇ ಗಂಟು ಹಾಕಿಡುವುದು. 2006ರಲ್ಲಿ 94 ಪರೀಕ್ಷೆಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ಬರೀ ಸಂಕಲ್ಪಕ್ಕಿಂತ ಇಂಥ ವಾಕ್ಯ ಸಾಕಷ್ಟು ಹೆಚ್ಚು ಫಲ ಕೊಡುವುದು ಕಂಡುಬಂತು. ಇಲ್ಲಿ ಎಚ್ಚರಕ್ಕೆ ಬೇರೆ ಆಸನ, ಬೇರೆ ಸಮಯ ಬೇಕಿಲ್ಲ. ರೂಢಿಯನ್ನು ಕೆರಳಿಸುತ್ತಿದ್ದ ಸನ್ನಿವೇಶವೇ ನೆನಪಿನ ಗಂಟೆಯನ್ನೂ ಬಾರಿಸುತ್ತದೆ.

ಧ್ಯಾನದಿಂದ ಎಲ್ಲವೂ ಸರಿಹೋಗುತ್ತದೆ ಎನ್ನುವವರನ್ನು ನಂಬಬೇಕಾಗಿಲ್ಲ. 2014ರಲ್ಲಿ ಪ್ರಕಟವಾದ, 47 ಪ್ರಯೋಗಗಳನ್ನು ಒಳಗೊಂಡ ಪರಾಮರ್ಶೆಯಲ್ಲಿ ಆತಂಕ, ಖಿನ್ನತೆಗಳ ಮೇಲೆ ಮಿತವಾದ ಪ್ರಯೋಜನ ಕಂಡಿತೇ ಹೊರತು, ವ್ಯಾಯಾಮ ಅಥವಾ ಔಷಧಿಗಿಂತ ಅದು ಮೇಲು ಎಂಬುದಕ್ಕೆ ಆಧಾರ ಸಿಗಲಿಲ್ಲ.

ನನ್ನ ವಾಕ್ಯ ಹೀಗಿದೆ: 'ನಿಲ್ದಾಣದಲ್ಲಿ ಯಾರಾದರೂ ಬಸ್ಸಿನ ಬಗ್ಗೆ ಕೇಳಿದರೆ, ಉತ್ತರ ಹೇಳುವ ಮೊದಲು ಕೈಚೀಲ ಕೆಳಗಿಡುತ್ತೇನೆ.' ಚೀಲ ಕೆಳಗಿಟ್ಟವನು ಓಡಲಾರ. ಮೊನ್ನೆ ಚಿಂತಾಮಣಿ ಬಸ್ಸನ್ನು ಹುಡುಕುತ್ತಿದ್ದ ಹೆಂಗಸೊಬ್ಬರು ಕೇಳಿದಾಗ ಚೀಲ ಇಟ್ಟು, ಬಸ್ಸು ತೋರಿಸಿ, ನನ್ನ ಬಸ್ಸನ್ನೂ ಹಿಡಿದೆ. ಅದೇ ಸಂಜೆ ಮಗಳು ಏನನ್ನೋ ಹೇಳುತ್ತಿದ್ದಾಗ ಫೋನಿನಿಂದ ಕಣ್ಣೆತ್ತದೆ ಎರಡು ಸಲ 'ಹೂಂ' ಎಂದೆ. ಅದಕ್ಕೆ ಬೇರೆಯೇ ವಾಕ್ಯ ಬೇಕು, ಇನ್ನೂ ಬರೆದುಕೊಂಡಿಲ್ಲ.